ಗಾಳಿಯ ಸರಾಸರಿ

ಹದಿನೇಳನೇ ತಾರೀಖು, ಮಧ್ಯಾಹ್ನ

ನನ್ನ ಚಿನಕುರಳಿ,

ಮೂವತ್ತೆಂಟರ ಕ್ಯಾಪ್ಟನ್ನನ್ನು ಹೀಗೆ ಕರೆಯಬಾರದು, ಗೊತ್ತು. ಬೇರೆ ಹೇಗೂ ಕರೆದು ನನಗೆ ಅಭ್ಯಾಸವಿಲ್ಲ. ‘ವಿತ್ ರೆಫರೆನ್ಸ್ ಟು ಯುವರ್ ಸೈಲೆನ್ಸ್’ ಅಂತ ಶುರು ಮಾಡೋಣವೆಂದಿದ್ದೆ; ಕಾಲೇಜಿನ ಇಂಗ್ಲಿಷ್ ಅಷ್ಟಕ್ಕೇ ಕೈಕೊಟ್ಟಿತು. ಹತ್ತೊಂಬತ್ತು ವರ್ಷದ ಮೌನಕ್ಕೆ ಅಷ್ಟು ರೆಫರೆನ್ಸ್ ಸಾಕು. ಅಕ್ಷರ ಕಾಗೆಕಾಲಿನಂತಿದ್ದರೆ ವಯಸ್ಸಾಯಿತು ಅಂದುಕೋ.

ನಿನ್ನ ಚಿಕ್ಕಮ್ಮ ಫೋನ್ ಮಾಡಿದ್ದಳು. ನಾಳಿದ್ದು ವಿಚಾರಣೆಯಂತೆ. ಮೊನ್ನೆಯ ವಿಮಾನದ ಇಳಿತದಲ್ಲಿ ತಪ್ಪು ನನ್ನದೇ ಅಂತ ಸಹಿ ಹಾಕಿ, ಹಾರುವುದನ್ನೇ ಬಿಡುತ್ತೇನೆ ಅಂತ ಕೂತಿದ್ದೀಯಂತೆ. ಭಾವ, ನೀವಾದರೂ ಹೇಳಿ, ಅವಳದು ನಿಮ್ಮದೇ ಮೊಂಡುತನ ಅಂತ ನನ್ನನ್ನೇ ಬೈದಳು.

ಆ ಇಳಿತದ ಬಗ್ಗೆ ನನಗೆ ಗೊತ್ತು. ಯಾರೋ ಪ್ರಯಾಣಿಕ ಹೇಳಿದ ಅಂತ ಇಟ್ಟುಕೋ. ಮೊದಲ ಸಲ ವಿಮಾನ ಏಡಿಯಂತೆ ಅಡ್ಡಡ್ಡ ಬಂತಂತೆ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಎದುರಿಗಿರಬೇಕಾದ ರನ್‌ವೇ ಎಡಗಿಟಕಿಯಲ್ಲಿ ಕಾಣುತ್ತಿತ್ತಂತೆ. ಅದು ಸರಿಯೇ. ಅಡ್ಡಗಾಳಿಗೆ ಮೂಗು ಕೊಟ್ಟುಕೊಂಡು ಬರಬೇಕು, ಚಕ್ರ ತಾಗುವ ಮುನ್ನ ಪೆಡಲ್ ಒದ್ದು ನೆಟ್ಟಗಾಗಬೇಕು. ವೆಲಾಸಿಟಿ ಈಸ್ ಎ ವೆಕ್ಟರ್, ಸ್ಪೀಡ್ ಈಸ್ ಎ... ಎಂಥದೋ. ಮೇಷ್ಟ್ರು ಕೆನ್ನೆಗೆ ಬಾರಿಸಿ ಕಲಿಸಿದ್ದು, ಕೆನ್ನೆಯಷ್ಟೇ ನೆನಪಿದೆ.

ನೀನು ಇಳಿಸದೆ ಮೇಲೆತ್ತಿದೆ. ಎರಡನೇ ಸಲ ಗಾಳಿ ಪಕ್ಕೆಗೆ ಗುದ್ದಿತು. ತಲೆಯ ಮೇಲಿನ ಗೂಡುಗಳು ಬಾಯಿಬಿಟ್ಟು ಚೀಲಗಳನ್ನು ಕಾರಿದವು. ಒಬ್ಬಾಕೆಯ ಹಣೆ ಒಡೆದು ರಕ್ತ ಕಣ್ಣಿಗಿಳಿಯಿತು. ಯಾರದೋ ಹಲ್ಲು ಮುಂದಿನ ಸೀಟಿನ ಬೆನ್ನಿಗೆ ನಾಟಿತು. ನೀನು ಬಲರೆಕ್ಕೆ ತಗ್ಗಿಸಿದೆ. ಬಲಚಕ್ರ ನೆಲಕ್ಕೆ ಅಪ್ಪಳಿಸಿತು, ಎಡದ್ದು ಇನ್ನೂ ಗಾಳಿಯಲ್ಲೇ ಇತ್ತು, ಒಂದೇ ಒದೆತಕ್ಕೆ ಮೂಗು ನೆಟ್ಟಗಾಯಿತು. ನೂರಾ ಅರವತ್ತೆರಡು ಜನವೂ ಬದುಕಿದರು.

ಬದುಕಿದವರಲ್ಲೊಬ್ಬ ಬಾಗಿಲಲ್ಲಿ ನಿಂತಿದ್ದ ನಿನ್ನ ಕೆನ್ನೆಗೆ ಹೊಡೆದ. ಓಡಿಸೋಕೆ ಬರದಿದ್ರೆ ಮನೇಲಿ ಬಿದ್ದಿರು ಅಂದ. ಹುಷಾರು, ಮೆಟ್ಟಿಲು ಒದ್ದೆಯಿದೆ ಅಂದೆಯಂತೆ ನೀನು. ನಿನ್ನಮ್ಮನ ಮಗಳೇ ಸರಿ.

ಈಗ ಮುಖ್ಯ ಮಾತು. ಕಂಟ್ರೋಲ್ ಗೋಪುರದವರು ನಿನಗೆ ಗಾಳಿ ಇಪ್ಪತ್ತನಾಲ್ಕು ನಾಟ್ ಅಂದರಂತೆ. ಇಪ್ಪತ್ತನಾಲ್ಕರ ಗಾಳಿ ಹಲ್ಲು ಉದುರಿಸುವುದಿಲ್ಲ ಮಗಳೇ.

ಮೂವತ್ತು ವರ್ಷ ಅದೇ ಕೆಲಸ ಮಾಡಿದವನು ನಾನು. ಕೆಳಗೆ ಕೂತು ಪೈಲಟ್‌ಗಳಿಗೆ ಗಾಳಿ ಓದಿದೆ. ನಮ್ಮ ಕೋಣೆಯಲ್ಲೊಂದು ರೂಢಿಯಿತ್ತು, ‘ನಯ ಮಾಡುವುದು’ ಅಂತಿದ್ದೆವು. ಕಾಗದದ ಸುರುಳಿಯ ಮೇಲೆ ಗಾಳಿಯ ವೇಗ ಗೀಚುವ ಸೂಜಿ ಹುಚ್ಚು ಹಿಡಿದಂತೆ ಜಿಗಿದರೂ ಎರಡು ನಿಮಿಷದ ಸರಾಸರಿಯನ್ನಷ್ಟೇ ಓದುವುದು. ಜಿಗಿತ ಹೇಳಿದರೆ ವಿಮಾನ ಬೇರೆ ಊರಿಗೆ ತಿರುಗುತ್ತದೆ, ಮೇಲಿನವರು ನಮ್ಮ ತಲೆ ತಿನ್ನುತ್ತಾರೆ. ಒಂದು ಏಟು ಹೊಡೆದು ಹತ್ತು ದಿನ ಸುಮ್ಮನಿದ್ದವನು ಸರಾಸರಿಗೆ ಸಾಧು ಅಂದ ಹಾಗೆ.

ನಿನಗೆ ಹನ್ನೊಂದು ವರ್ಷವಿದ್ದಾಗಿನ ಆ ಅಪಘಾತ ನೆನಪಿದೆಯಲ್ಲ? ಅಂದು ಸೂಜಿ ನಲವತ್ತೊಂದಕ್ಕೆ ಹಾರಿದ್ದನ್ನು ಈ ಕಣ್ಣು ನೋಡಿತ್ತು. ಬಾಯಿ ಇಪ್ಪತ್ತೆರಡು ಅಂದಿತು. ಪೈಲಟ್ ಥ್ಯಾಂಕ್ಯೂ ಅಂದ. ರೆಕ್ಕೆ ನೆಲ ಕೆರೆದು ಮುರಿಯಿತು, ವಿಮಾನ ಪಲ್ಟಿ ಹೊಡೆದು ಸಿಡಿಯಿತು, ನನ್ನ ಕಿಟಕಿಯ ಗಾಜು ಮುಖಕ್ಕೇ ಬಂತು. ಪೈಲಟ್ ಸೇರಿ ಹದಿನಾಲ್ಕು ಜನ. ತಪ್ಪು ಪೈಲಟ್‌ನದು ಅಂತ ವರದಿಯಾಯಿತು; ಸತ್ತವನು ಎದ್ದು ಬಂದು ಇಲ್ಲ ಅನ್ನುತ್ತಾನೆಯೇ? ನನ್ನ ಗಲ್ಲದ ಹೊಲಿಗೆ ನೋಡಿ ನೀನು, ನಮ್ಮಪ್ಪ ಹೀರೋ ಅಂತ ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದೆ.

ಆ ಸುರುಳಿಯನ್ನು ನಾನು ಹರಿದು ಮನೆಗೆ ತಂದಿದ್ದೆ. ನಿನ್ನಮ್ಮನ ಕೈಗೆ ಸಿಕ್ಕಿತು. ಸುಡಲೋ, ಕೊಡಲೋ ಅಂತ ಕೇಳಿದಳು. ಸುಮ್ಮನಿಡು ಅಂದೆ. ಹೊಲಿಗೆ ಯಂತ್ರದ ಡ್ರಾಯರಿನಲ್ಲಿಟ್ಟಳು. ಆಮೇಲೆ ಅವಳು ಆ ಯಂತ್ರ ತುಳಿಯಲೇ ಇಲ್ಲ. ಸಾಯುವ ಹಿಂದಿನ ದಿನ ಮಾತ್ರ, ಡ್ರಾಯರ್ ಖಾಲಿ ಮಾಡಿ ಅಂದಳು. ಅದೂ ಆಗಿ ಆರು ವರ್ಷವಾಯಿತು, ಸುರುಳಿ ಇನ್ನೂ ಅಲ್ಲೇ ಇದೆ.

ನೀನು ಪೈಲಟ್ ತರಬೇತಿಯ ಕಾಗದ ತಂದು ತೋರಿಸಿದ ದಿನ ನಾನು ಹೊಡೆದೆ. ತುಟಿ ಸೀಳಿ ರಕ್ತ ಆ ಕಾಗದದ ಮೇಲೇ ಬಿತ್ತು. ಹೆಣ್ಣುಮಗಳು ಹಾರಬಾರದೆಂದು ಅಪ್ಪ ಹೊಡೆದ ಅಂದುಕೊಂಡೆ ನೀನು. ಅಂದುಕೊಳ್ಳಲಿ ಅಂತ ಬಿಟ್ಟೆ. ನಿಜಕ್ಕಿಂತ ಅದೇ ವಾಸಿಯಾಗಿತ್ತು. ನನ್ನ ಹೆದರಿಕೆ ಗಾಳಿಯದಲ್ಲ. ಕೆಳಗೆ ಕೂತು ನಿನಗೆ ಗಾಳಿ ಓದುವವನು ನನ್ನಂಥವನೇ ಆಗಿದ್ದರೆ?

ಅದಕ್ಕೇ ಹೇಳುತ್ತಿದ್ದೇನೆ, ಸಹಿ ಹಾಕಬೇಡ. ಈಗ ಸುರುಳಿ ಹೋಗಿ ಕಂಪ್ಯೂಟರ್ ಬಂದಿದೆ, ಆದರೆ ಜಿಗಿತವನ್ನು ಅದೂ ಎಲ್ಲೋ ಬರೆದಿಟ್ಟಿರುತ್ತದೆ. ಸರಾಸರಿ ಬೇಡ, ಕ್ಷಣಕ್ಷಣದ ಲೆಕ್ಕ ಕೊಡಿ ಅಂತ ಕೇಳು. ಇಲ್ಲ ಅಂದರೆ ನನ್ನ ಸುರುಳಿ ಮೇಜಿನ ಮೇಲೆ ಬಿಚ್ಚುತ್ತೇನೆ. ಈ ರೂಢಿ ಎಷ್ಟು ಹಳೆಯದು ಅಂತ ಅವರೂ ನೋಡಲಿ. ನನ್ನನ್ನು ಏನು ಮಾಡುತ್ತಾರೋ ಮಾಡಲಿ. ಇನ್ನೊಬ್ಬ ಪೈಲಟ್ ನನ್ನಂಥವನ ತಪ್ಪು ಹೊರಬಾರದು.

ನಿನ್ನ ಕ್ಷಮೆ ಕೇಳುತ್ತಿಲ್ಲ. ಕೇಳುವ ಇಂಗ್ಲಿಷೂ ಇಲ್ಲ, ಕನ್ನಡವೂ ಇಲ್ಲ.

ಇಂತಿ,
ಗಾಳಿ ಓದುತ್ತಿದ್ದ ನಿನ್ನ ಅಪ್ಪ

ಮರೆತ ಮಾತು: ಅಕ್ಷರಕ್ಕೆ ವಯಸ್ಸು ಕಾರಣವಲ್ಲ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಯ ಮೇಲೆ ಚೀಲ ಬಿದ್ದು ಮೂಳೆ ಮುರಿದಿದೆ. ಕೊನೇ ಸಾಲಿನ ಕಿಟಕಿಯ ಸೀಟು ನನ್ನದು. ನಿನ್ನಮ್ಮ ಹೋದಮೇಲೆ ನೀನು ಓಡಿಸಿದ ವಿಮಾನದಲ್ಲಿ ನಾನು ಕೂತದ್ದು ಇದು ಒಂಬತ್ತನೇ ಸಲ. ಪ್ರತಿ ಸಲ ಹಿಂದಿನ ಬಾಗಿಲಿಂದ ಇಳಿದುಹೋಗಿದ್ದೇನೆ. ಮೊನ್ನೆ ಧೈರ್ಯ ಮಾಡಿ ಮುಂದೆ ಬಂದೆ. ಅವನು ನಿನಗೆ ಹೊಡೆದಾಗ ನಾನು ಅವನ ಹಿಂದೆ ಐದನೆಯವನು. ಮೊದಲು ಹೊಡೆದ ಕೈ ನನ್ನದೇ ಆಗಿರುವಾಗ ಅವನನ್ನು ಯಾವ ಮುಖದಲ್ಲಿ ತಡೆಯಲಿ? ತಿರುಗಿ ಹಿಂದಿನಿಂದಲೇ ಇಳಿದೆ. ನಾಳಿದ್ದು ವಿಚಾರಣೆಗೆ ಮುಂದಿನ ಬಾಗಿಲಿಂದ ಬರುತ್ತೇನೆ.