ನೇರಳೆ ದೀಪದಡಿ ಅಪ್ಪನ ಟೋಪಿ

ಹೋಲ್ಟೆನ್‌ಬೆಕ್,
೧೪ ಮಾರ್ಚ್ ೧೯೯೬

ಮೂಸಿ ನೋಡಿ ಮಾಸಿದ್ದಕ್ಕೆ ಬೆಲೆ ಕಟ್ಟುವ ಮಹನೀಯರೇ, ದಾರ ನೋಡಿ ದಶಕ ಹೇಳುವ ಧೀರರೇ, ಮತ್ತು ನನ್ನ ಪ್ರೀತಿಯ ತಮ್ಮ ಫೋಲ್ಮಾರ್,

ಶನಿವಾರ ಸಂಗ್ರಾಹಕರ ಸಂಘದ ಎದುರು ಹೀಗೆಯೇ ಶುರು ಮಾಡುವವಳಿದ್ದೇನೆ. ಕ್ಷಮೆ ಕೇಳಿ ಟೋಪಿಯನ್ನು ಮನೆಗೆ ತಂದುಬಿಡು ಎಂದು ನೀನು ಫೋನಿನಲ್ಲಿ ಬುದ್ಧಿ ಹೇಳಿದೆ. ಕೇಳುವುದಿಲ್ಲ. 'ವಿಮಾನ ಚಾಲಕ ಎವಾಲ್ಡ್ ಟೀಮನ್' ಎಂದು ಅಪ್ಪನ ಹೆಸರು ಹೊತ್ತ ಚೀಟಿಯೊಂದಿಗೆ ಆ ಯುದ್ಧಕಾಲದ ಪೈಲಟ್ ಟೋಪಿ ಸಂಘದ ಪ್ರದರ್ಶನದಲ್ಲಿ ಇರಬೇಕೋ ಬೇಡವೋ ಎಂದು ಅಂದು ತೀರ್ಮಾನವಾಗುತ್ತದೆ. ಅಪ್ಪ ಇಪ್ಪತ್ತು ವರ್ಷ ಕೂತ ಸಂಘ ಅದು.

ಕಳೆದ ಸಭೆಯಲ್ಲಿ ಟೋಪಿ ಪರೀಕ್ಷಿಸಿದಾಗ ನೀನು ಅಲ್ಲಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಧ್ಯಕ್ಷ ಡ್ರೆಸ್ಲರ್ ಮೊದಲು ಎಲ್ಲ ಒಪ್ಪಿದರು. ನೆತ್ತಿಯ ಬಲೆ ಸರಿ, ಕಿವಿಯ ಚರ್ಮದ ಬಟ್ಟಲು ಸರಿ, ಕಂಠಕ್ಕೆ ಕಟ್ಟುವ ಮೈಕೂ ಸರಿ. ಆಮೇಲೆ ಪರದೆ ಎಳೆದು ನೇರಳೆ ದೀಪ ಹಿಡಿದರು. ಯುದ್ಧಕಾಲದ ದಾರ ಆ ಬೆಳಕಿನಲ್ಲಿ ಕಪ್ಪಗೆ ಸುಮ್ಮನಿರಬೇಕು, ಹೊಳೆದರೆ ಈಚಿನ ನಕಲು. ನಮ್ಮದು ಹುಣ್ಣಿಮೆಯಂತೆ ಹೊಳೆಯಿತು.

"ಫ್ರೌ ಟೀಮನ್, ನಮಗೇ ಟೋಪಿ ಹಾಕೋಕೆ ಬಂದ್ರಾ?" ಅಂದರು. ಯಾವುದೋ ಸಿನಿಮಾಕ್ಕೆ ಹೊಲಿಸಿದ್ದಿರಬೇಕೆಂದು ಖಜಾಂಚಿ ಕನಿಕರಪಟ್ಟರು.

"ನಿಮ್ಮ ಕಾಲರ್ರೂ ಹೊಳೀತಿದೆ ಡ್ರೆಸ್ಲರೇ. ನೀವೂ ನಕಲೇನು?" ಅಂದೆ.

ಡ್ರೆಸ್ಲರ್ ದೀಪ ಆರಿಸಿ ಪರದೆ ಸರಿಸಿದರು. ಆದರೆ ಉತ್ತರ ಆ ಕಾಲರಿನಲ್ಲಿಯೇ ಇತ್ತು. ಈಗಿನ ಸೋಪುಪುಡಿಯಲ್ಲಿ ಬಿಳುಪಿಗೆಂದು ಬೆರೆಸುವ ಮದ್ದು ಅಜ್ಜನ ಕಾಲದ ದಾರವನ್ನೂ ಹೊಳೆಯುವಂತೆ ಮಾಡುತ್ತದೆ. ಸಂಗ್ರಾಹಕರಿಗೆ ಇದು ಹೊಳೆಯದೇ ಹೋದದ್ದೇಕೆಂದರೆ, ಅವರು ಬೆವರಿನ ಕಲೆಯನ್ನೂ ದೇವರ ಪ್ರಸಾದದಂತೆ ಕಾಪಾಡುವವರು. ಒಗೆಯುವ ಪಾಪಿ ಇರಬಹುದೆಂದು ಅವರ ಕನಸಿಗೂ ಬಾರದು. ಒಗೆದದ್ದು ಅಮ್ಮ ಎಂದು ಹೇಳುವವಳಿದ್ದೆ. ಸತ್ತವರನ್ನು ಯಾರೂ ಪಾಟೀಸವಾಲಿಗೆ ಕರೆಯುವುದಿಲ್ಲ.

ಸಾಕು ಈ ನಾಟಕ. ಒಗೆದವಳು ನಾನು. ಮೂರು ಸಲ, ಬಿಸಿನೀರಿನಲ್ಲಿ.

ಅಪ್ಪ ತೀರಿಕೊಂಡ ಮೇಲೆ ಅವನ ಪೆಟ್ಟಿಗೆಯಲ್ಲಿ ಅದು ಸಿಕ್ಕಾಗ ಒಳಪಟ್ಟಿಯ ಮೇಲೆ ಶಾಯಿಯಲ್ಲಿ ಬೇರೆಯವನ ಹೆಸರಿತ್ತು. ಕೆಳಗೇ ಅಪ್ಪನ ಸೇನಾ ಸೇವೆಯ ದಾಖಲೆ ಪುಸ್ತಕ: ವಾಯುನೆಲೆಯ ಉಗ್ರಾಣದ ಗುಮಾಸ್ತ. ಒಂದು ದಿನವೂ ಹಾರಿದವನಲ್ಲ. ಯಾವ ಗುಂಡಿ ಯಾವ ಕಾರ್ಖಾನೆಯದೆಂದು ಕಣ್ಣುಮುಚ್ಚಿ ಹೇಳುತ್ತಿದ್ದನಲ್ಲ, ಅದು ತೊಟ್ಟು ಕಲಿತದ್ದಲ್ಲ, ತೊಡುವವರಿಗೆ ಕೊಟ್ಟು ಕಲಿತದ್ದು.

ಟೋಪಿ ಅಸಲಿ, ಕಥೆ ನಕಲಿ. ಶನಿವಾರ ಎರಡನ್ನೂ ಹೇಳುತ್ತೇನೆ. ಚೀಟಿಯನ್ನು ನಾನೇ ಹರಿಯುತ್ತೇನೆ, ಆದರೆ ಟೋಪಿ ಸುಳ್ಳೆನ್ನಲು ಬಿಡುವುದಿಲ್ಲ. ಮನೆಯ ಮಾನ ಎಂದು ಮತ್ತೆ ಫೋನು ಮಾಡಬೇಡ.

ನಿನ್ನ ಅಕ್ಕ,
ಆನೆಗ್ರೆಟ್

ಮರೆತಿದ್ದೆ: ನಾನು ಅಳಿಸಿದ ಹೆಸರು ಕುನೋ ಹಾರ್ಟ್‌ಲೆಬ್. ಹುಡುಕಿಸಿದೆ. ಬ್ರೆಮೆನ್‌ನಲ್ಲಿ ಅವನ ತಂಗಿ ಇದ್ದಾರೆ, ಎಪ್ಪತ್ತೆರಡು ವರ್ಷ. ಯುದ್ಧದಿಂದ ಮರಳದ ಅಣ್ಣನದೆಂದು ಒಂದು ಗುಂಡಿಯೂ ಮನೆಗೆ ಬಂದಿರಲಿಲ್ಲವಂತೆ. ಶನಿವಾರ ಅವರು ಬರುತ್ತಾರೆ. ಒಗೆದದ್ದನ್ನು ಅವರಿಗೆ ಇನ್ನೂ ಹೇಳಿಲ್ಲ.