ಮೊಗ್ಗಿನ ಕಷಾಯ

ಬೊಝೌ
ಮಾರ್ಚ್ 7, 1987

ಪ್ರೀತಿಯ ಸುಚಿನ್ ಅಕ್ಕನಿಗೆ,

ನಿನ್ನ ತಂಗಿ ಸುಹೆಯ ನಮಸ್ಕಾರ. ಹೊಸ ವರ್ಷಕ್ಕೆ ಕಾಗದ ಹಾಕಲಿಲ್ಲವೆಂದು ಬೈಯಬೇಡ. ನಾಲ್ಕು ಸಲ ಬರೆದೆ, ತಪ್ಪಿದ್ದರೆ ನಗುತ್ತೀಯೆಂದು ನಾಲ್ಕು ಸಲವೂ ಹರಿದೆ. ಅಪ್ಪ ಹೇಗಿದ್ದಾರೆ? ಬಿಸಿನೀರಲ್ಲಿ ಕಾಲು ಇಡುತ್ತಾರಾ? ಜಾರಿ ಬಿದ್ದಿಲ್ಲ ತಾನೇ?

ಅಕ್ಕ, ನನಗೆ ಮತ್ತೆ ವಾಸನೆ ಗೊತ್ತಾಗುತ್ತಿದೆ! ನನ್ನ ಮೂಗು ಸದಾ ಸೋರುತ್ತಿದ್ದದ್ದೂ ನಿಂತಿದೆ! ಸಂತೆಬೀದಿಯ ತುಂಗ್ ವೈದ್ಯರು ನಾಡಿ ಹಿಡಿದು, ನಾಲಗೆ ನೋಡಿ, ಹದಿನಾಲ್ಕು ಪೊಟ್ಟಣ ಕಟ್ಟಿಕೊಟ್ಟರು. ಮುಳ್ಳು ಉದುರುವಂತೆ ಹುರಿದ ಮುಳ್ಳುಕಾಯಿ, ಪುದೀನ, ಯಾವುದೋ ಬಿಳಿ ಬೇರು, ಜೊತೆಗೆ ಬೆಕ್ಕಿನ ಮರಿಯಂತೆ ರೋಮವಿರುವ ಒಂದು ಮರದ ಹೂಮೊಗ್ಗು. ಮೊದಲ ದಿನ ನಾನು ಒಂದು ಪೊಟ್ಟಣದಲ್ಲಿದ್ದ ಎಲ್ಲವನ್ನೂ ಒಟ್ಟಿಗೇ ಮಣ್ಣಿನ ಗಡಿಗೆಗೆ ಸುರಿದು ಕುದಿಸಿ ಕುಡಿದುಬಿಟ್ಟೆ. ಗಂಟಲೆಲ್ಲ ರೋಮ! ಸತ್ತೇಹೋದೆ ಅಂದುಕೊಂಡೆ. ಯಜಮಾನರು ಬೆನ್ನು ಗುದ್ದುತ್ತಾ, "ಏನೇ, ಬೆಕ್ಕು ನುಂಗಿದ್ಯಾ?" ಅಂದರು.

ತುಂಗ್ ವೈದ್ಯರ ಹತ್ತಿರ ಓಡಿದೆ. "ಮೊಗ್ಗನ್ನ ಬಟ್ಟೇಲಿ ಗಂಟು ಕಟ್ಟಿ ಹಾಕು ಅಂತ ಚೀಟೀಲಿ ಬರೆದಿದ್ನಲ್ಲಮ್ಮ!" ಎಂದು ಗದರಿದರು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಆ ಗೀಚು ಎಲ್ಲಿ ಓದಲು ಬರಬೇಕು?

ಕುದಿಸಿದ ಗಸಿಯನ್ನು ದಾರಿಯಲ್ಲಿ ಸುರಿದೆ. ತುಳಿದವರ ಕಾಲಿನ ಜೊತೆ ಕಾಯಿಲೆ ಹೋಗಲಿ ಎಂದು ಅಮ್ಮ ಮಾಡುತ್ತಿದ್ದಳಲ್ಲ, ಹಾಗೆ. ಪಕ್ಕದ ಮನೆಯ ಮಿಯಾವೊ ಚಿಕ್ಕಮ್ಮ ಸರಿಯಾಗಿ ಅದರ ಮೇಲೇ ಕಾಲಿಟ್ಟು, "ನಿನ್ನ ನೆಗಡೀನ ನನ್ನ ಚಪ್ಪಲಿಗೆ ಅಂಟಿಸ್ತೀಯೇನೇ?" ಎಂದು ಕೂಗಾಡಿದಳು. ಎರಡು ದಿನ ಅವಳು ಸೀನುತ್ತಾಳೋ ಎಂದು ಗೋಡೆಗೆ ಕಿವಿ ಕೊಟ್ಟು ಕೂತಿದ್ದೆ. ಪುಣ್ಯಕ್ಕೆ ಸೀನಲಿಲ್ಲ.

ಹನ್ನೊಂದನೇ ದಿನ ಬೆಳಿಗ್ಗೆ ಬಟ್ಟೆ ನೆನೆಸುತ್ತಿದ್ದೆ. ಗಪ್ಪೆಂದು ಮೂಗಿಗೆ ಬಡಿಯಿತು! ಯಜಮಾನರ ಕಾಲುಚೀಲ! ಹಿಡಿದುಕೊಂಡು ಅಂಗಳದಲ್ಲಿ ಕುಣಿದೆ. "ಇಷ್ಟು ವರ್ಷದಲ್ಲಿ ನನ್ನ ಕಾಲುಚೀಲಾನ ಯಾರೂ ಹೀಗೆ ಮೆಚ್ಕೊಂಡಿಲ್ಲ" ಅಂದರು. ಆಮೇಲೆ ಶುಂಠಿ, ಕಲ್ಲಿದ್ದಲ ಹೊಗೆ, ಅನ್ನದ ಗಂಜಿ, ಎಲ್ಲವನ್ನೂ ಮೂಸಿದೆ. ನಾಳೆ ಹೋಗಿಬಿಟ್ಟರೆ ಎಂಬ ಭಯಕ್ಕೆ ಗಂಟೆಗೊಮ್ಮೆ ಶುಂಠಿ ಮೂಸುತ್ತೇನೆ.

ಅದಕ್ಕೇ ಕೇಳುತ್ತಿದ್ದೇನೆ. ಅಮ್ಮ ಹೋದ ಮೇಲೆ ಅಪ್ಪನನ್ನು ನೀನೇ ಕರೆದುಕೊಂಡು ಹೋದೆ. ಚಿಂಗ್‌ಮಿಂಗ್ ದಿನ ಅಮ್ಮನ ಸಮಾಧಿ ಗುಡಿಸಲು ಬರುವಾಗ ಅವರನ್ನು ಕರೆತಂದು, ಬೇಸಿಗೆ ಮುಗಿಯುವವರೆಗಾದರೂ ನನ್ನ ಹತ್ತಿರ ಬಿಡು. ಚೆನ್ನಾಗಿ ನೋಡಿಕೊಳ್ಳುತ್ತೇನೆ.

ಭಾವನವರಿಗೆ ನಮಸ್ಕಾರ. ನಿನ್ನ ಮನೆ ತಣ್ಣಗಿರಲಿ, ಮಕ್ಕಳು ಉಂಡುಟ್ಟು ಸುಖವಾಗಿರಲಿ.

ನಿನ್ನ ತಂಗಿ,
ಸುಹೆ

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಧೈರ್ಯವಿರಲಿಲ್ಲ. ಹೋದ ವರ್ಷ ನೀನು ಹೊಸ್ತಿಲಲ್ಲೇ ಮೂಗು ಮುಚ್ಚಿಕೊಂಡು ಕೇಳಿದೆ, "ಅಮ್ಮನ ಬೆನ್ನು ಕೊಳೀತಿದೆ, ಪಕ್ಕದಲ್ಲೇ ಮಲಗೋ ನಿಂಗೆ ಗೊತ್ತಾಗ್ಲಿಲ್ವಾ?" ಮಗ್ಗುಲು ತಿರುಗಿಸಿದರೆ ನೋವೆಂದು ಹಾಸಿಗೆ ಹಿಡಿದಿದ್ದ ಅಮ್ಮ ಅಳುತ್ತಿದ್ದಳು, ಹಾಗೇ ಬಿಟ್ಟಿದ್ದೆ. ನನಗೆ ವಾಸನೆ ಹೋಗಿ ಆಗಲೇ ಮೂರು ವರ್ಷವಾಗಿತ್ತು. ಹೇಳಿದರೆ ನೆವ ಅನ್ನುತ್ತೀಯೆಂದು ಬಾಯಿ ಬಿಡಲಿಲ್ಲ. ನಿಜವಾಗಿ ಗೊತ್ತಾಗಲಿಲ್ಲ ಅಕ್ಕ. ಅಪ್ಪನನ್ನು ಕಳಿಸು. ಈಗ ಗೊತ್ತಾಗುತ್ತದೆ.