ಪೀಪಾಯಿಯ ಉಪ್ಪು, ನಿಮ್ಮಪ್ಪನ ಕಾಲು

ನಬರೂಹ್
28 ಮಾರ್ಚ್ 1986

ನನ್ನ ಕಂದ ರುಶ್ದೀ,

ಸಿನಾಯಿಯ ಸೈನ್ಯದ ಠಾಣೆಯಲ್ಲಿ ಹೇಗಿದ್ದೀಯ? ಕೆಮ್ಮು ಹೋಯಿತೇ? ಕಾವಲಿಗೆ ನಿಲ್ಲುವಾಗ ನಾನು ಹೆಣೆದ ಉಣ್ಣೆಯ ಅಂಗಿ ಒಳಗೆ ಹಾಕಿಕೋ, ಬೇರೆ ಹುಡುಗರು ನಕ್ಕರೆ ನಗಲಿ. ಪ್ರತಿಸಲ ಮೇಷ್ಟ್ರ ಕೈಯಲ್ಲಿ ಬರೆಸುತ್ತಿದ್ದೆ. ಈ ಸಲದ ಸುದ್ದಿ ಅವರ ಕಿವಿಗೆ ಹಾಕುವಂಥದ್ದಲ್ಲ, ಅದಕ್ಕೇ ಈ ಓರೆಕೋರೆ ಅಕ್ಷರ.

ನಿಮ್ಮಪ್ಪನ ಕಾಲು ಊದಿದೆ. ಮೊದಲು ಪಾದ, ಆಮೇಲೆ ಮೊಣಕಾಲಿನವರೆಗೆ, ಈಗ ಹೊಟ್ಟೆಯೂ. ಹೆಬ್ಬೆರಳಿನಿಂದ ಒತ್ತಿದರೆ ನಾದಿದ ಹಿಟ್ಟಿನಲ್ಲಿ ಬಿದ್ದ ಹಾಗೆ ಗುಳಿ ಬಿದ್ದು ಅಲ್ಲೇ ನಿಲ್ಲುತ್ತದೆ. ಮಲಗಿದರೆ ಉಸಿರು ಕಟ್ಟುತ್ತದೆ, ಗೋಡೆಗೆ ಒರಗಿ ಕೂತೇ ನಿದ್ದೆ. ಹೃದಯ ಸೋತಿದೆ, ಅದಕ್ಕೇ ಮೈಯಲ್ಲಿ ನೀರು ನಿಲ್ಲುತ್ತಿದೆ ಎಂದರು ಮನ್ಸೂರಾದ ಡಾಕ್ಟರು. ನೀರು ಇಳಿಸುವ ಮಾತ್ರೆ ಕೊಟ್ಟು, ಕೂತಾಗ ಕಾಲು ಎತ್ತರದಲ್ಲಿಡಿ, ದಿನಾ ಬೆಳಿಗ್ಗೆ ತೂಕ ನೋಡಿ, ಎರಡು ಕಿಲೋ ಏರಿದರೆ ಓಡಿ ಬನ್ನಿ, ಉಪ್ಪಂತೂ ಬೇಡವೇ ಬೇಡ ಎಂದರು. ಹುಟ್ಟಿದಾಗಿನಿಂದ ಉಪ್ಪುಮೀನು ಹಾಕುವವರಿಗೆ ಈ ಮಾತು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಮೀನು ತೂಗುವ ತಕ್ಕಡಿಯ ಮೇಲೇ ಅವರನ್ನು ಹತ್ತಿಸಿದೆ. ಒಂದೇ ವಾರದಲ್ಲಿ ನಾಲ್ಕು ಕಿಲೋ ಏರಿದ್ದರು.

ಯಾಕೆಂದು ಅದೇ ಮಧ್ಯಾಹ್ನ ಮೀನಿನ ಪೀಪಾಯಿಗಳ ಕೊಟ್ಟಿಗೆಗೆ ಹೋದಾಗ ತಿಳಿಯಿತು. ಮಹಾರಾಯರು ಕಲ್ಲುಪ್ಪು ತುಂಬಿದ ಪೀಪಾಯಿಯಲ್ಲಿ ಎರಡೂ ಕಾಲು ಹೂತು ಕೂತಿದ್ದರು. ಸಾಲದ್ದಕ್ಕೆ ದಿನಾ ಒಂದು ಚಮಚ ಉಪ್ಪುನೀರನ್ನು ಕುಡಿಯುತ್ತಿದ್ದರಂತೆ. ಕೇಳಿದರೆ, “ಐವತ್ತು ವರ್ಷ ಊದಿದ ಮೀನಿನ ನೀರನ್ನ ಉಪ್ಪಲ್ಲೇ ಇಳಿಸಿದೋನು ಕಣೇ ನಾನು. ನನ್ ಕಾಲಿನ ನೀರಿಳಿಸೋಕೆ ನಿನ್ನೆ ಮೊನ್ನೆ ಹುಟ್ಟಿದ ಡಾಕ್ಟ್ರು ಹೇಳ್ಕೊಡ್ಬೇಕಾ?” ಎಂದರು. ನಾನು ಕಾಲು ಹಿಡಿದು ಎಳೆದೆ. ಉಪ್ಪು ತೋಡುವ ಮರದ ಸಲಿಕೆಯಿಂದ ಬಾಯಿಗೆ ಬಾರಿಸಿದರು, ತುಟಿ ಸೀಳಿ ಒಂದು ಹಲ್ಲು ಹೋಯಿತು. ನಾನು ಅವರ ಮಣಿಕಟ್ಟನ್ನು ರಕ್ತ ಬರುವ ಹಾಗೆ ಕಚ್ಚಿದೆ. ಬಿಡಿಸಲು ಬಂದ ನಿನ್ನ ಭಾವ ಗುನೈಮನ ಕಣ್ಣಿಗೆ ಬೊಗಸೆ ಉಪ್ಪು ಬಿತ್ತು. ಕೊನೆಗೆ ಪೀಪಾಯಿಯನ್ನೇ ಉರುಳಿಸಿದೆವು. ಊದಿದ ಚರ್ಮ ಉದ್ದಕ್ಕೂ ಬಿರಿದು ನೀರು, ರಕ್ತ ಎರಡೂ ಸೋರುತ್ತಿದ್ದವು. ಗಾಯದ ಮೇಲೆ ಉಪ್ಪು ಅನ್ನುವುದನ್ನು ಅವತ್ತು ಕಣ್ಣಾರೆ ಕಂಡೆ. ತೊಳೆಯುವಾಗ ಬಲಿಯ ಹೋರಿಯಂತೆ ಕೂಗಿದರು, ಬೀದಿಯೆಲ್ಲ ಬಾಗಿಲಿಗೆ ಬಂತು.

ಮತ್ತೆ ಮನ್ಸೂರಾಕ್ಕೆ ಕರೆದೊಯ್ದೆವು. ಡಾಕ್ಟರು ಬೈಯಲಿಲ್ಲ. “ಅಮ್ಮಾ, ಪೀಪಾಯಿಯಲ್ಲಿರೋದು ಸತ್ತ ಮೀನು. ಬದುಕಿರೋರ ಮೈಗೆ ಉಪ್ಪು ಹೋದ್ರೆ ಅದು ನೀರನ್ನ ಹೊರಗೆ ಬಿಡಲ್ಲ, ಒಳಗೇ ಹಿಡಿದು ಕೂರುತ್ತೆ” ಎಂದರು. ಇದನ್ನು ಕೇಳಿ ನಿಮ್ಮಪ್ಪ, “ಹಾಗಾದ್ರೆ ನಾನು ಇಷ್ಟು ವರ್ಷ ಕಲಿತಿದ್ದು ಹೆಣದ ವಿದ್ಯೆ” ಎಂದರು. ನನಗೆ ಅಳು ಬಂತು, ತೋರಿಸಲಿಲ್ಲ.

ಕಾಲಿಗೆ ಉಪ್ಪು ಹಾಕುವುದು ನಿಂತಿತು, ನಾಲಿಗೆಗೆ ಹಾಕುವುದು ನಿಲ್ಲಲಿಲ್ಲ. ಊರೆಲ್ಲ ಉಪ್ಪುಮೀನು ತಿನ್ನುವ ವಸಂತದ ಹಬ್ಬಕ್ಕೆ ಇನ್ನು ಐದು ವಾರ, ನಲವತ್ತು ಪೀಪಾಯಿ, ಒಂದೊಂದನ್ನೂ ತೆರೆದು ರುಚಿ ನೋಡುತ್ತಾರೆ. “ನಾನು ರುಚಿ ನೋಡದೆ ಮಾರಿ, ಕೆಟ್ಟ ಮೀನು ತಿಂದು ಯಾರ ಮನೆ ಮಗುನಾದ್ರೂ ಸತ್ರೆ?” ಎನ್ನುತ್ತಾರೆ. ಅದೂ ಸುಳ್ಳಲ್ಲ ಕಂದಾ, ಜಗಳ ಇರುವುದೇ ಅಲ್ಲಿ. ಗುನೈಮನ ನಾಲಿಗೆಯನ್ನು ಅವರು ನಂಬುವುದಿಲ್ಲ. ಮತ್ತೆ ತೂಕ ಏರಿತು. ಇನ್ನೊಂದು ವಾರ ಹೀಗೇ ಆದರೆ ಶ್ವಾಸಕೋಶಕ್ಕೆ ನೀರು ತುಂಬುತ್ತದೆ, ಆಮೇಲೆ ನನ್ನ ಕೈಯಲ್ಲಿಲ್ಲ ಎಂದರು ಡಾಕ್ಟರು. ಅಷ್ಟರಲ್ಲಿ ಕಳೆದ ಮಂಗಳವಾರ ನಿಮ್ಮಪ್ಪ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಬಲಗೈ ಮುರಿಯಿತು. ಪೀಪಾಯಿಯ ಕಲ್ಲು ಹೇರಿದ ಮುಚ್ಚಳ ಎತ್ತಲು ಎರಡು ಕೈ ಬೇಕು. ಈಗ ಮೂರು ಕಿಲೋ ಇಳಿದಿದ್ದಾರೆ, ನಿನ್ನೆ ಮಲಗಿಯೇ ನಿದ್ದೆ ಮಾಡಿದರು.

ನಿನ್ನ ಅಕ್ಕ ನಿನ್ನನ್ನು ನೆನಪಿಸಿಕೊಳ್ಳುತ್ತಾಳೆ. ಅಲ್ಲಾಹ್ ನಿನ್ನ ತಲೆ ಕಾಯಲಿ, ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಮ್ಮ,
ತಫೀದಾ

ತಾ.ಕ.: ಅಂಚೆಯವನು ಬಾಗಿಲಲ್ಲಿದ್ದಾನೆ. ನಿಮ್ಮಪ್ಪ ಜಾರಿ ಬೀಳಲಿಲ್ಲ. ಮುಚ್ಚಳಕ್ಕೆ ಕೈ ಹಾಕಿದಾಗ ಅದೇ ಸಲಿಕೆಯಿಂದ ನಾನು ಹೊಡೆದೆ. ಮೊದಲ ಏಟಿಗೆ ಮುರಿಯಲಿಲ್ಲ, ಇನ್ನೊಂದು ಕೊಟ್ಟೆ. ಡಾಕ್ಟರ ಮುಂದೆ ಅವರು ನನ್ನ ಹೆಸರೆತ್ತಲಿಲ್ಲ. ಏಪ್ರಿಲ್ ಇಪ್ಪತ್ತಕ್ಕೆ ಪ್ಲಾಸ್ಟರ್ ಬಿಚ್ಚುತ್ತಾರೆ. ಮೀನಿನ ರುಚಿ ನೋಡಲು ಅವರು ನಂಬುವುದು ನಿನ್ನ ನಾಲಿಗೆಯೊಂದನ್ನೇ. ಈ ಪತ್ರವನ್ನೇ ನಿನ್ನ ಅಧಿಕಾರಿಗೆ ತೋರಿಸಿ ರಜೆ ಕೇಳು. ಅಷ್ಟರೊಳಗೆ ನೀನು ಬರದಿದ್ದರೆ ಅವರ ಎಡಗೈಯನ್ನೂ ಮುರಿಯುತ್ತೇನೆ.